ಗುಡ್‌ವೈಗ್ ಮತ್ತು ಹೊರಕ್ಕೆ ತೆರೆಯುವ ಬಾಗಿಲು

ಗುಡ್‌ವೈಗ್‌ಳ ಕಥೆಯನ್ನು ಅವಳ ವಾಫಲ್ ಕಾವಲಿಯಿಂದಲೇ ಶುರು ಮಾಡಬೇಕು. ಎರಕದ ಕಬ್ಬಿಣದ್ದು, ಅವಳ ತಾಯಿಯ ಕಾಲದ್ದು, ಹಿಡಿಗೆ ಹಳೆಯ ಕಾಲುಚೀಲದ ತುಂಡು ಸುತ್ತಿದೆ. ಯಾರಿಂದಾದರೂ ಒಂದು ಕೆಲಸ ಆಗಬೇಕೆಂದರೆ ಅವಳು ಅದನ್ನು ಚೀಲಕ್ಕೆ ಹಾಕಿಕೊಂಡೇ ಹೊರಡುವವಳು. ಹಿಟ್ಟು ಬೇರೆ ಡಬ್ಬಿಯಲ್ಲಿ. ಅವರದೇ ಒಲೆಯ ಮೇಲೆ ಸುಟ್ಟು, ಅವರಿಗೇ ಬಡಿಸಿ, ಆಮೇಲೆ ಮಾತು ತೆಗೆಯುತ್ತಾಳೆ. ನಮ್ಮೂರಿನ ಬಸ್ ನಿಲ್ದಾಣಕ್ಕೆ ಸೂರು ಬಂದದ್ದೇ ಹಾಗೆ.

ನಾರ್ವೆಯ ಈ ಉತ್ತರದ ತುದಿಯಲ್ಲಿ, ಸ್ಕಾರ್‌ವಿಕ್‌ನ ಮೀನಿನ ಕಾರ್ಖಾನೆಯಲ್ಲಿ, ನಾನೂ ಅವಳೂ ಒಂದೇ ಮೇಜಿನ ಎದುರುಬದುರು ನಿಂತು ಕಾಡ್ ಮೀನು ಸೀಳಿದವರು. ಅವಳ ಗಂಡ ಪೆಡರ್ ಒಳ್ಳೆಯವನು, ಅಕಾರ್ಡಿಯನ್ ಒಂದು ನುಡಿಸದಿದ್ದರೆ ಇನ್ನೂ ಒಳ್ಳೆಯವನಾಗಿರುತ್ತಿದ್ದ. ಇರಲಿ, ಸತ್ತವನ ಮಾತು ಬೇಡ. ಕಾರ್ಖಾನೆ ಮುಚ್ಚಿದ ಮೇಲೆ ನಾನು ಮನೆಯಲ್ಲಿ ಕೂತೆ. ಅವಳು ಕೂರಲಿಲ್ಲ. ದೋಣಿಕಟ್ಟೆಯ ವೇಟಿಂಗ್ ರೂಮ್ ಗುಡಿಸುವ ಕೆಲಸ ಹಿಡಿದಳು.

ಆ ವೇಟಿಂಗ್ ರೂಮಿನ ಬೆಂಚಿನ ಮೇಲೆ ಓಡ್‌ಮುಂಡ್ ಮಲಗುತ್ತಿದ್ದ. ದೋಣಿಗಳ ಇಂಜಿನ್ ಕೋಣೆಯಲ್ಲಿ ವಯಸ್ಸು ಕಳೆದವನು. ಹೆಂಡತಿ ತೀರಿಕೊಂಡಳು, ಕುಡಿತ ಹತ್ತಿತು, ಕುಡಿತದ ಹಿಂದೆಯೇ ಬಾಡಿಗೆ ಮನೆಯೂ ಹೋಯಿತು. ಬೆಳಿಗ್ಗೆ ಅವನಿಗೆ ಕಾಫಿ ಕೊಟ್ಟು, ಕಾಲೆತ್ತಿಸಿ, ಬೆಂಚಿನ ಕೆಳಗೆ ಗುಡಿಸುವುದು ಗುಡ್‌ವೈಗ್‌ಳ ದಿನದ ಮೊದಲ ಕೆಲಸ. ಹಿಂದಿನ ಚಳಿಗಾಲ ಹೀಟರ್ ಕೆಟ್ಟು ಆ ಕೋಣೆ ಕೆಲವು ದಿನ ಮುಚ್ಚಿತ್ತು. ಆಗ ಅವನು ದಡಕ್ಕೆಳೆದ ದೋಣಿಯೊಂದರ ಟಾರ್ಪಾಲಿನ ಕೆಳಗೆ ಮಲಗಿ, ಎಡಗಾಲಿನ ಬೆರಳುಗಳನ್ನು ಹಿಮಕ್ಕೆ ಕೊಟ್ಟು ಬಂದ. ಆಸ್ಪತ್ರೆಯಲ್ಲಿ ಕತ್ತರಿಸಿದರು.

ಈಗ ಕೊಲ್ಲಿಯ ಕೆಳಗೆ ಸುರಂಗ ರಸ್ತೆ ಬಂತು, ಆಚೆ ದಡಕ್ಕೆ ದಾಟಿಸುವ ಫೆರಿ ದೋಣಿ ನಿಂತಿತು. ಫೆರಿಯೇ ಇಲ್ಲದ ಮೇಲೆ ಕಾಯುವವರ ಕೋಣೆ ಯಾಕೆ? ಚಳಿಗಾಲಕ್ಕೆ ಮುಂಚೆ ಬೀಗ ಎಂದು ತೀರ್ಮಾನವಾಯಿತು.

"ಓಡ್‌ಮುಂಡ್‌ನ ನಿನ್ನ ಮನೇಲೇ ಇಟ್ಕೊಳ್ಳೇ" ಎಂದೆ ನಾನು.

"ಕರೆದೆ ಕಣೇ. ಬರಲ್ವಂತೆ. ಇನ್ನೊಬ್ರ ಸೋಫಾ ಮೇಲೆ ನೆಂಟನ ಹಾಗೆ ಮುದುರ್ಕೊಂಡು ಬಿದ್ದಿರೋಕೆ ಆಗಲ್ಲ ಅಂದ. ಅವನೊಬ್ಬನೇನಾ? ಐಸ್ ಗೋದಾಮಲ್ಲೂ ಜನ ಮಲಗ್ತಾರೆ. ನನ್ನ ಸೋಫಾ ಎಷ್ಟು ಉದ್ದ ಇದೆ ಅಂತ ನಿಂಗೊತ್ತು."

ಕಾರ್ಖಾನೆಯ ಪಕ್ಕದಲ್ಲಿ ಬಲೆ ಹೊಲಿಯುವ ಮನೆಯೊಂದು ಖಾಲಿ ಬಿದ್ದಿತ್ತು. ಬಲೆಮನೆ ಎಂದೇ ಕರೆಯುತ್ತೇವೆ. ಗಟ್ಟಿ ಮರದ್ದು, ಒಳಗೆ ದೊಡ್ಡ ಒಲೆ. ಪುರಸಭೆಯ ಸ್ವತ್ತು. ಗುಡ್‌ವೈಗ್ ಕಾವಲಿ ಚೀಲ ಹೆಗಲಿಗೇರಿಸಿ ಪುರಸಭೆಗೆ ಹೋದಳು. ನಾನೂ ಜೊತೆಗಿದ್ದೆ. ಕಟ್ಟಡಗಳ ಅಧಿಕಾರಿ ರಾಗ್ನಿಲ್ ನಮ್ಮ ಮೇಷ್ಟರ ಮಗಳು, ಚಿಕ್ಕವಳಿದ್ದಾಗ ಎಷ್ಟು ಅಳುತ್ತಿದ್ದಳೆಂದರೆ ಅವಳಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಬಟ್ಟೆ ಒಗೆಯುತ್ತಿದ್ದಳು. ಈಗ ಗಂಭೀರ ಹೆಂಗಸು.

"ಬಲೆಮನೇಲಿ ಜನ ಮಲಗ್ಬೇಕು ಅಂದ್ರೆ ಅದು ವಸತಿಗೃಹ ಆಗತ್ತೆ ಗುಡ್‌ವೈಗ್. ವಸತಿಗೃಹ ಅಂದ್ರೆ ನಿಯಮ ಇದೆ. ಪ್ರತಿ ಹಾಸಿಗೆಗೆ ಒಂದು ಕಾರು ನಿಲ್ಲಿಸೋ ಜಾಗ ಬೇಕು."

"ಅವನ ಹತ್ರ ಕಾರಿದ್ದಿದ್ರೆ ಅದ್ರಲ್ಲೇ ಮಲಗ್ತಿದ್ದ ಮಗೂ."

ರಾಗ್ನಿಲ್ ನಗು ನುಂಗಿಕೊಂಡಳು. "ಕಿಟಕಿ ಅಳತೆ, ಚಾವಣಿ ಎತ್ತರ, ಕೋಣೆಗೊಂದು ಸ್ನಾನದ ಮನೆ. ಇವೆಲ್ಲ ಪ್ರವಾಸಿಗಳಿಗೆ ಅಂತ ಮಾಡಿದ್ದು."

"ಪ್ರವಾಸಿಗಳ ನಿಯಮಕ್ಕೆ ನಮ್ಮ ಓಡ್‌ಮುಂಡ್ ಯಾಕೆ ಸಾಯ್ಬೇಕು?"

"ಸಡಿಲ ಮಾಡ್ಬಹುದು" ಎಂದಳು ಅವಳು, ಮೆಲ್ಲಗೆ. "ಒಂದು ಚಳಿಗಾಲದ ಮಟ್ಟಿಗೆ, ತುರ್ತು ಅಂತ, ಪುರಸಭೆ ವಿನಾಯಿತಿ ಕೊಡ್ಬಹುದು. ನಾನೇ ಬರೆದು ಸಭೆ ಮುಂದೆ ಇಡ್ತೀನಿ. ಆದ್ರೆ ಅಕ್ಕಪಕ್ಕದ ಮನೆಯವರಿಗೆಲ್ಲ ತಿಳಿಸ್ಬೇಕು. ಒಬ್ರು ತಕರಾರು ಹಾಕಿದ್ರೂ ವಿಷಯ ಜಿಲ್ಲಾ ಕಚೇರಿಗೆ ಹೋಗತ್ತೆ. ಅಲ್ಲಿಂದ ವಾಪಸ್ ಬರೋ ಹೊತ್ತಿಗೆ ಹಿಮ ಕರಗಿರತ್ತೆ."

ಗುಡ್‌ವೈಗ್ ಮನೆಮನೆಗೂ ಹೋದಳು. ಎಲ್ಲರ ಒಲೆಯ ಮೇಲೂ ಅವಳ ಕಾವಲಿ ಏರಿತು. ಬೆಣ್ಣೆ, ಕಂದು ಚೀಸ್, ಜಾಮ್. ಎಲ್ಲರೂ ತಿಂದರು, ಹೂಂ ಹೂಂ ಎಂದರು. ಕೊನೆಯ ಮನೆ ಸ್ಟೈನಾರ್‌ನದು, ಬಲೆಮನೆಯ ಬಾಗಿಲಿಗೆ ಎದುರು. ದೋಣಿ ಕಟ್ಟುವ ಬಡಗಿ, ಮಾತು ಕಡಿಮೆ. ಅವನೂ ತಿಂದ. "ವಾಫಲ್ ಚೆನ್ನಾಗಿದೆ" ಎಂದ. ಇವಳು ಕುಣಿಯುತ್ತಾ ನನ್ನ ಮನೆಗೆ ಬಂದಳು.

"ಎಲ್ಲಾ ಒಪ್ಪಿದ್ರು."

"ಸ್ಟೈನಾರ್ ಎರಡನೇ ಕಪ್ ಕಾಫಿ ತಗೊಂಡ್ನಾ?" ಎಂದು ಕೇಳಿದೆ.

ಅವಳ ಮುಖ ಇಳಿಯಿತು. ಇಲ್ಲೇ ಹುಟ್ಟಿ ಇಲ್ಲೇ ಹಣ್ಣಾದವಳು, ಅದನ್ನು ನೋಡದೆ ಎದ್ದು ಬಂದಿದ್ದಳು. ನಮ್ಮಲ್ಲಿ ಯಾರೂ ಮುಖದ ಮೇಲೆ ಬೇಡ ಎನ್ನುವುದಿಲ್ಲ, ಎರಡನೇ ಕಪ್ಪಿಗೆ ಕೈ ಅಡ್ಡ ಹಿಡಿಯುತ್ತಾರೆ ಅಷ್ಟೆ. ವಾರ ಕಳೆಯುವುದರೊಳಗೆ ರಾಗ್ನಿಲ್ ಫೋನ್ ಮಾಡಿದಳು. ಸ್ಟೈನಾರ್ ತಕರಾರು ಹಾಕಿದ್ದ.

ಬೇರೆ ಯಾರಾದರೂ ಆಗಿದ್ದರೆ ಅವನ ಮನೆಗೆ ಹೋಗಿ ಜಗಳವಾಡುತ್ತಿದ್ದರು. ನಾನಂತೂ ಆಡುತ್ತಿದ್ದೆ. ಗುಡ್‌ವೈಗ್ ಎರಡು ದಿನ ಸುಮ್ಮನೆ ಹೆಣೆಯುತ್ತಾ ಕೂತಳು, ಮೂರನೆಯ ದಿನ ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು. ಶನಿವಾರ ಬಲೆಮನೆಯಲ್ಲಿ ದುಗ್ನಾದ್, ಸಲಕರಣೆ ನಿಮ್ಮದೇ ತನ್ನಿ, ಮೀನಿನ ಸೂಪು ನನ್ನದು.

ದುಗ್ನಾದ್ ಎಂದರೆ ಊರವರೆಲ್ಲ ಸೇರಿ ಕೂಲಿಯಿಲ್ಲದೆ ಮಾಡುವ ಕೆಲಸ. ಶಾಲೆಯ ಬೇಲಿಗೆ ಬಣ್ಣ, ಚರಂಡಿಯ ಎಲೆ, ಯಾವುದೇ ಇರಲಿ. ಬರದಿದ್ದವನನ್ನು ಯಾರೂ ಏನೂ ಅನ್ನುವುದಿಲ್ಲ, ಆದರೆ ಮುಂದಿನ ಹತ್ತು ವರ್ಷ ಎಲ್ಲರಿಗೂ ನೆನಪಿರುತ್ತದೆ. ಸ್ಟೈನಾರ್ ಹುಟ್ಟಿದ ಮೇಲೆ ಒಂದನ್ನೂ ತಪ್ಪಿಸಿದವನಲ್ಲ. ಸೊಂಟ ಹಿಡಿದಿದ್ದಾಗಲೂ ಕುರ್ಚಿ ತರಿಸಿ ಕೂತು ಮೊಳೆ ನೆಟ್ಟಗೆ ಮಾಡಿಕೊಟ್ಟವನು.

ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನೇ ಬಂದಿದ್ದ, ಸಲಕರಣೆಯ ಪೆಟ್ಟಿಗೆ ಸಮೇತ, ಮುಖ ಗಂಟು ಹಾಕಿಕೊಂಡು.

"ಕೆಲಸಕ್ಕೆ ಬಂದಿದೀನಿ. ಒಪ್ಪೋದಕ್ಕಲ್ಲ."

"ಒಪ್ಪು ಅಂತ ಯಾರು ಅಂದ್ರು? ಗಾಳಿ ನುಗ್ತಿದೆ, ಎಲ್ಲಿಂದ ಅಂತ ನೋಡು" ಎಂದಳು ಗುಡ್‌ವೈಗ್.

ಓಡ್‌ಮುಂಡ್ ಕುಂಟುತ್ತಾ ಬಂದು ಒಲೆಯ ಕೊಳವೆ ಬಿಚ್ಚಿ ಮಸಿ ಕೆರೆಯತೊಡಗಿದ. ಮಧ್ಯಾಹ್ನ ಸೂಪು ಕುಡಿಯುವಾಗ ಅವನಿಗೆ ಜಾಗವಿದ್ದದ್ದು ಒಂದೇ ಹಲಗೆಯ ಮೇಲೆ, ಸ್ಟೈನಾರ್‌ನ ಪಕ್ಕ. ಇಬ್ಬರೂ ಸಮುದ್ರ ನೋಡುತ್ತಾ ಕುಡಿದರು. ಬಟ್ಟಲು ಅರ್ಧವಾದಾಗ ಸ್ಟೈನಾರ್ ಬಾಯಿ ಬಿಟ್ಟ.

"ನನ್ನ ಮೊಮ್ಮಗಳು ಸ್ಕೂಲಿಗೆ ಈ ಬಾಗಿಲ ಮುಂದೇನೇ ಹೋಗ್ಬೇಕು. ಕುಡಿದು ಬಿದ್ದಿರೋರ್ನ ದಾಟ್ಕೊಂಡು ಹೋಗ್ಬೇಕಾ ಅವಳು?"

"ನಾನು ಕುಡೀತೀನಿ" ಎಂದ ಓಡ್‌ಮುಂಡ್. "ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಮಲಗೋಕೆ ಹಾಸಿಗೆ ಇರೋನು ಬಾಗಿಲಲ್ಲಿ ಯಾಕೋ ಬೀಳ್ತಾನೆ?"

"ನೋಡ್ಕೊಳ್ಳೋರು ಯಾರು?"

"ನಾನು" ಎಂದಳು ಗುಡ್‌ವೈಗ್, ಸೌಟು ಹಿಡಿದುಕೊಂಡೇ. "ರಾತ್ರಿಯೆಲ್ಲ ಎದ್ದು ಕೂತು ಹೆಣೆಯೋದು ಮನೇಲೂ ಅದೇ, ಇಲ್ಲೂ ಅದೇ. ಇಲ್ಲಿ ಒಲೆಯಾದ್ರೂ ದೊಡ್ಡದು."

ಸ್ಟೈನಾರ್ ಬಟ್ಟಲು ಕೆಳಗಿಟ್ಟು ಎದ್ದ. ಕಟ್ಟಡದ ಸುತ್ತ ಒಂದು ಸುತ್ತು ಬಂದ. "ಬಾಗಿಲು ಸಮುದ್ರದ ಕಡೆ ಇದ್ರೆ ಬೇರೆ ಮಾತು" ಎಂದು ಯಾರಿಗೂ ಅಲ್ಲದಂತೆ ಹೇಳಿದ. ಆ ಕಡೆ ಹಿಂದೆ ಬಲೆ ಎಳೆದುಕೊಳ್ಳುತ್ತಿದ್ದ ದೊಡ್ಡ ಕಂಡಿಯಿತ್ತು, ಹಲಗೆ ಹೊಡೆದು ಮುಚ್ಚಿದ್ದರು. ಅವನು ಹಲಗೆ ಕಿತ್ತ. ಸಂಜೆಯ ಹೊತ್ತಿಗೆ ಅಲ್ಲೊಂದು ಹೊಸ ಬಾಗಿಲು. ಎಂಥ ಬಾಗಿಲು ಅಂತೀರಿ, ಕಿರುಬೆರಳಲ್ಲಿ ನೂಕಿದರೆ ಸಾಕು, ಸದ್ದಿಲ್ಲದೆ ಒಳಕ್ಕೆ ಸರಿಯುತ್ತಿತ್ತು.

ಸೋಮವಾರ ರಾಗ್ನಿಲ್ ಬಂದು ನೋಡಿದಳು. ನೂಕಿದಳು. ಮತ್ತೆ ನೂಕಿದಳು.

"ಒಳಕ್ಕೆ ತೆರೆಯತ್ತೆ."

"ನಮ್ಮೂರಲ್ಲಿ ಎಲ್ಲಾ ಬಾಗಿಲೂ ಒಳಕ್ಕೇನೇ ತೆರೆಯೋದು" ಎಂದ ಸ್ಟೈನಾರ್. "ಹೊರಗೆ ಹಿಮ ಬಿದ್ರೆ ನೂಕೋಕಾಗುತ್ತಾ? ನಿಮ್ಮಪ್ಪನ ಮನೆ ಬಾಗಿಲು ಹೇಗಿದೆ ನೋಡ್ಕೋ ಹೋಗು."

"ಬೆಂಕಿ ಬಿದ್ರೆ ನಿದ್ದೆಗಣ್ಣಲ್ಲಿ ಎಲ್ಲಾ ಒಟ್ಟಿಗೆ ಬಾಗಿಲಿಗೆ ಒತ್ತಿ ನಿಲ್ತಾರೆ. ಒಳಕ್ಕೆ ತೆರೆಯೋ ಬಾಗಿಲು ಆಗ ತೆರೆಯಲ್ಲ. ಜನ ಗುಂಪಾಗಿ ಮಲಗೋ ಕಡೆ ಬಾಗಿಲು ಹೊರಕ್ಕೇ ತೆರೀಬೇಕು. ಕಾರಿನ ಜಾಗ ಬಿಡ್ತೀನಿ, ಕಿಟಕಿ ಬಿಡ್ತೀನಿ. ಇದೊಂದು ಬಿಡಲ್ಲ."

ಸ್ಟೈನಾರ್ ಗುಡ್‌ವೈಗ್‌ಳ ಮುಖ ನೋಡಿದ. ನಿಯಮ ಸಡಿಲಿಸಿ ಎಂದು ಊರೆಲ್ಲ ಸುತ್ತಿದವಳು ತನ್ನ ಪಕ್ಷ ವಹಿಸುತ್ತಾಳೆ ಎಂದುಕೊಂಡಿದ್ದನೇನೋ.

"ಅವಳು ಹೇಳೋದು ಸರಿ" ಎಂದಳು ಗುಡ್‌ವೈಗ್. "ಕಾರಿಗೋಸ್ಕರ ಇರೋ ನಿಯಮ ಹೋಗ್ಲಿ. ಮಲಗಿರೋರಿಗೋಸ್ಕರ ಇರೋದು ಇರ್ಲಿ. ಬಾಗಿಲು ತಿರುಗಿಸು ಸ್ಟೈನಾರ್."

ಅವನ ಕಿವಿ ಕೆಂಪಾಯಿತು. ಜೀವಮಾನದಲ್ಲಿ ಯಾರೂ ಅವನ ಕೆಲಸ ಬಿಚ್ಚಿ ಮತ್ತೆ ಮಾಡು ಎಂದಿರಲಿಲ್ಲ. "ತಿರುಗಿಸಿದ್ರೆ ಮೊದಲ ಬಿರುಗಾಳಿಗೇ ಹಿಮ ತುಂಬ್ಕೊಂಡು ಒಳಗಿರೋರು ಒಳಗೇ. ತಿರುಗಿಸ್ಬೇಕು ಅಂದ್ರೆ ಮುಂದೆ ಚಾವಣಿ ಥರ ಒಂದು ಮಾಡು ಬೇಕು, ಎರಡೂ ಕಡೆ ಗೋಡೆ ಬೇಕು, ಗಾಳಿಗೆ ಓರೆಯಾಗಿ ನಿಲ್ಲಿಸ್ಬೇಕು. ಯಾರೋ ಬಂದು ಹೊಡೆದು ಹೋಗೋ ಕೆಲಸ ಅಲ್ಲ. ನಾನೇ ಮಾಡ್ಬೇಕು."

"ಕಟ್ಟು" ಎಂದಳು ರಾಗ್ನಿಲ್. "ಆದ್ರೆ ಅದು ಹೊಸ ಕಟ್ಟಡ ಅಂತ ಲೆಕ್ಕ. ಪಕ್ಕದ ಮನೆಯವರ ಒಪ್ಪಿಗೆ ಬೇಕು."

"ಯಾವ ಪಕ್ಕದ ಮನೆ?"

ರಾಗ್ನಿಲ್ ಹಳೆಯ ಬಾಗಿಲಿನಾಚೆ ಸ್ಟೈನಾರ್‌ನ ಮನೆಯ ಕಡೆ ಕೈ ತೋರಿದಳು. ಒಲೆಯ ಬಳಿ ಮಂಡಿಯೂರಿದ್ದ ಓಡ್‌ಮುಂಡ್ ಅವನನ್ನೇ ನೋಡುತ್ತಿದ್ದ. ಅವನ ಎಡಗಾಲಿನ ಬೂಟು, ಬೆರಳಿಲ್ಲದ ಜಾಗದಲ್ಲಿ, ಮುದುರಿ ಮೇಲಕ್ಕೆ ಬಾಗಿತ್ತು. ಸ್ಟೈನಾರ್ ಆ ಬೂಟನ್ನು ನೋಡಿದ. ನಾನು ನೋಡಿದ್ದನ್ನೇ ಹೇಳುತ್ತೇನೆ, ಅವನ ಮನಸ್ಸಿನೊಳಗೆ ನಾನು ಹೋಗಿ ಬಂದವಳಲ್ಲ. ಅವನು ಕಿವಿಯ ಸಂದಿಯಿಂದ ಬಡಗಿಯ ಪೆನ್ಸಿಲ್ ತೆಗೆದ.

"ಎಲ್ಲಿ ಸಹಿ ಹಾಕ್ಬೇಕು?"

"ಮಾಡಿಗೆ ಒಪ್ಪಿಗೆ ಕೊಟ್ಟು ಮನೆಗೆ ತಕರಾರು ಅಂದ್ರೆ ಆಗಲ್ಲ" ಎಂದಳು ರಾಗ್ನಿಲ್.

"ಮನೆ ಇಲ್ದೆ ಮಾಡು ಎಲ್ಲಿ ನಿಲ್ಲತ್ತೆ ಅಂತ ಬಡಗಿಗೆ ಹೇಳ್ಕೊಡ್ತೀಯಾ? ತಕರಾರೂ ವಾಪಸ್ ತಗೊಂಡೆ ಅಂತ ಬರ್ಕೋ. ಆದ್ರೆ ಎದುರಿಗಿರೋ ಹಳೇ ಬಾಗಿಲಿಗೆ ಹಲಗೆ ಹೊಡೀತೀನಿ. ಮೊಮ್ಮಗಳ ದಾರಿ ಅದು."

"ಹೊಡಿ" ಎಂದಳು ಗುಡ್‌ವೈಗ್.

ಪುರಸಭೆಯ ಸಭೆಗೆ ಅವಳು ಕಾವಲಿ ಒಯ್ದಳು. ಸಭಾಂಗಣದಲ್ಲಿ ಒಲೆ ಹೊತ್ತಿಸುವಂತಿಲ್ಲ ಎಂದು ಜವಾನ ತಡೆದ. ಅದಕ್ಕೂ ವಿನಾಯಿತಿ ಕೊಡಿ ಎಂದು ಕೇಳಿದಳು, ಸಿಗಲಿಲ್ಲ. ಕಾರಿನ ಜಾಗದ ನಿಯಮ ಓದಿದಾಗ ಒಬ್ಬ ಸದಸ್ಯ ನಕ್ಕ, ಇನ್ನೊಬ್ಬ ಇದು ಅಭ್ಯಾಸವಾಗಿಬಿಡುತ್ತದೆ ಎಂದು ಗೊಣಗಿದ. ಗುಡ್‌ವೈಗ್ ಎದ್ದು ನಿಂತು, "ಚಳಿಗಾಲ ಆಗ್ಲೇ ಅಭ್ಯಾಸ ಆಗಿದೆ, ಪ್ರತಿ ವರ್ಷ ಬರತ್ತೆ" ಎಂದು ಹೇಳಿ ಕೂತಳು. ಅವಳು ಆಡಿದ್ದು ಅಷ್ಟೇ. ಕೈ ಎತ್ತಿದವರು ಹೆಚ್ಚು, ಎತ್ತದವರು ಕಡಿಮೆ. ಒಂದು ಚಳಿಗಾಲಕ್ಕೆ ವಿನಾಯಿತಿ ಸಿಕ್ಕಿತು.

ಮೊದಲ ದೊಡ್ಡ ಬಿರುಗಾಳಿ ನಿಂತ ಬೆಳಿಗ್ಗೆ ನಾನು ಬ್ರೆಡ್ ತೆಗೆದುಕೊಂಡು ಹೋದೆ. ಹಿಮ ಕಿಟಕಿಯವರೆಗೂ ಬಂದಿತ್ತು. ಸ್ಟೈನಾರ್ ನನಗಿಂತ ಮೊದಲೇ ಸಲಿಕೆ ಹಿಡಿದು ಬಂದು ಮಾಡಿನ ಕೆಳಗೆ ನಿಂತಿದ್ದ. ಅಲ್ಲಿ ಎತ್ತಿಹಾಕಲು ಏನೂ ಇರಲಿಲ್ಲ. ಗಾಳಿ ಹಿಮವನ್ನೆಲ್ಲ ಓರೆ ಗೋಡೆಯ ಆಚೆಗೆ ಒಯ್ದಿತ್ತು. ಬಾಗಿಲು ಹೊರಕ್ಕೆ ತೆರೆಯಿತು. ತೆರೆದವನು ಓಡ್‌ಮುಂಡ್, ಬರೀ ಉಣ್ಣೆಯ ಕಾಲುಚೀಲದಲ್ಲಿ, ಮೈಯೆಲ್ಲ ನಿದ್ದೆಯ ಬಿಸಿ. ಅವನ ಹಿಂದೆ ಇನ್ನೂ ಮಲಗಿದವರ ಗೊರಕೆ ಕೇಳುತ್ತಿತ್ತು.

"ನೂಕೋಕೆ ಬಿಗಿ ಇದೆಯಾ?" ಎಂದ ಸ್ಟೈನಾರ್.

"ಇಲ್ಲ ಮಾರಾಯ. ಕಾಲಲ್ಲೇ ನೂಕಿದೆ. ಬೆರಳಿಲ್ಲದ ಕಾಲಲ್ಲಿ."

ಒಳಗೆ ಗುಡ್‌ವೈಗ್ ಕಾಫಿ ಬಗ್ಗಿಸಿದಳು. ಸ್ಟೈನಾರ್ ನಿಂತೇ ಕುಡಿದು ಮುಗಿಸಿದ. ಅವಳು ಕೆಟಲ್ ಮತ್ತೆ ಎತ್ತಿದಳು, ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅವನು ಬೆಂಚು ಎಳೆದುಕೊಂಡು ಕೂತು, ಕಪ್ ಮುಂದಿಟ್ಟ.

"ಮುಂದಿನ ವರ್ಷದ್ದಕ್ಕೆ ಸಹಿ ಇವತ್ತೇ ಹಾಕ್ತೀಯಾ?" ಎಂದಳು ಗುಡ್‌ವೈಗ್, ಇನ್ನೂ ಬಗ್ಗಿಸುತ್ತಿರುವಾಗಲೇ.

"ಮೊದ್ಲು ಕುಡಿಯೋಕೆ ಬಿಡು" ಎಂದ ಅವನು.