ಮಧುಮತಿ ಮೇಡಂ ಹೆಸರಿನ ಫೋನು

ಜೇವರ್ಗಿಯ ನಮ್ಮ ಕಾಲೇಜಿನಲ್ಲಿ ವೈಫೈ ನೋಡಿಕೊಳ್ಳುವ ಜಗದೇವ ಯಾರಿಗೂ ಜಗ್ಗುವ ಆಸಾಮಿಯಲ್ಲ. ಪ್ರಿನ್ಸಿಪಾಲರೇ ಕ್ರಿಕೆಟ್ ನೋಡಲು ಕೂತರೂ ಫೈರ್‌ವಾಲ್‌ನಲ್ಲಿ ಅವರ ನೆಟ್ಟಿನ ವೇಗ ಇಳಿಸಿ, "ಪರೀಕ್ಷಾ ಫಾರ್ಮ್ ಹೊಂಟಾವ್ರಿ ಸರ್, ಅವು ಮೊದಲ" ಎನ್ನುತ್ತಿದ್ದ. ನಾವು ಮೇಷ್ಟ್ರುಗಳು ಹಿಂದಿನಿಂದ ಬೈದುಕೊಳ್ಳುತ್ತಿದ್ದೆವು. ಅಂಥವನಿಗೆ, ಅರ್ಥಶಾಸ್ತ್ರದ ಮಧುಮತಿ ಮೇಡಂ ಜ್ವರ ಬಂದು ತೀರಿಕೊಂಡಾಗ, ಅವರ ಲಾಗಿನ್ ಅಳಿಸಲು ಕೈ ಬರಲಿಲ್ಲ. ಸತ್ತವರ ಬಟ್ಟೆಬರೆಯನ್ನು ವರ್ಷ ತುಂಬುವವರೆಗೆ ಹೊರಗೆ ಹಾಕದ ಮನೆತನ ಅವನದು.

ಎರಡು ತಿಂಗಳ ಮೇಲೆ, ಯಾರು ಯಾವಾಗ ವೈಫೈಗೆ ಬಂದರೆಂದು ತೋರಿಸುವ ಲಾಗ್ ನೋಡುತ್ತಿದ್ದವನು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ. ದಿನಾ ಸಂಜೆ ನಾಲ್ಕಕ್ಕೆ ಮಧುಮತಿ ಹೆಸರಿನ ಫೋನು ವೈಫೈಗೆ ಬರುತ್ತಿತ್ತು. ಅರ್ಧ ಗಂಟೆ ವಿಡಿಯೊ ನೋಡಿ ಹೋಗುತ್ತಿತ್ತು. ನಮಗೆ ಹೇಳಿದ, ನಾವು ನಕ್ಕೆವು, ಈಗ ನಾಚಿಕೆಯಾಗುತ್ತದೆ. ನಾಲ್ಕಾಗುತ್ತಲೇ ಆ ಹೆಸರಿನ ಮುಂದೆ ಹಸಿರು ಚುಕ್ಕೆ ಹೊತ್ತುವುದನ್ನು ನೋಡುತ್ತ ಅವನು ಒಬ್ಬನೇ ಕೂಡುತ್ತಿದ್ದ. ಊಟ ಸೇರುತ್ತಿರಲಿಲ್ಲ. ಕಡೆಗೆ, ಯಾರೋ ಪಾಸ್‌ವರ್ಡ್ ಕದ್ದಿದ್ದಾರೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಆ ಲಾಗಿನ್‌ನಿಂದ ಹೋಗುವುದನ್ನೆಲ್ಲ ಬಿಚ್ಚಿ ನೋಡುವ ತಪಾಸಣೆ ಹಾಕಿದ. ಅದಕ್ಕೆ ಫೋನಿನಲ್ಲಿ ಕಾಲೇಜಿನ ಸರ್ಟಿಫಿಕೇಟ್ ಎಂಬ ಗುರುತಿನ ಕಡತ ಹಾಕಿರಬೇಕು. ಇಲ್ಲದಿದ್ದರೆ ಪುಟದ ಬದಲು ಕೆಂಪು ಎಚ್ಚರಿಕೆ ಬರುತ್ತದೆ.

ಮರುದಿನ ನಾಲ್ಕಕ್ಕೆ ಫೋನು ಬಂತು, ವಿಡಿಯೊ ಓಡಲಿಲ್ಲ. ಅದೇ ಪುಟವನ್ನು ಮತ್ತೆ ಮತ್ತೆ ಕೇಳುತ್ತಲೇ ಇತ್ತು. ಜಗದೇವನಿಗೆ ತಡೆಯಲಾಗಲಿಲ್ಲ. ಸಿಗ್ನಲ್ ಗೇಟಿನ ಕಡೆಯದೆಂದು ತಿಳಿದು ಕೆಳಗೆ ಓಡಿದ. ಅಲ್ಲಿ ಕಟ್ಟೆಯ ಮೇಲೆ ಮೇಡಂ ತಾಯಿ ಶರಣಬಸಮ್ಮ, ಮಗಳ ಫೋನು ಉಡಿಯಲ್ಲಿಟ್ಟುಕೊಂಡು ಕೂತಿದ್ದಳು. ಕಾಲೇಜಿನ ಹತ್ತಿರ ಬಂದರೆ ಅದು ತಾನೇ ವೈಫೈ ಹಿಡಿಯುತ್ತಿತ್ತು.

"ದಿನಾ ಇಲ್ಲೇ ಕುಂತು ಮಗಳ ಪಾಠ ಕೇಳ್ತಿದ್ದೆ ಯಪ್ಪಾ," ಎಂದಳು. "ಇವತ್ತ ಎಲ್ಲಾ ಕೆಂಪಗ ಆಗ್ಯದ. ನನಗ ಓದಾಕ ಬರಂಗಿಲ್ಲ. ಆಕಿ ಸಿಟ್ಟಾಗ್ಯಾಳೇನು? ಇನ್ನ ಬರಬ್ಯಾಡ ಅಂತ ಬರದಾಳೇನು?"

"ಆಕಿ ಅಲ್ರಿ ಯವ್ವಾ, ಅದು ನಾ ಮಾಡೇನಿ," ಎಂದವನೇ ಜಗದೇವ ಮೇಲೆ ಹೋಗಿ ಆ ಹೆಸರಿನ ತಪಾಸಣೆ ತೆಗೆದ. ವಿಡಿಯೊ ನಡುವೆ ನಿಲ್ಲದಂತೆ ಪೂರ್ತಿ ವೇಗವನ್ನೂ ಕೊಟ್ಟ.

ಅವನು ಮರಳಿ ಬರುವಷ್ಟರಲ್ಲಿ ಪಾಠ ಶುರುವಾಗಿತ್ತು. ಹಿಂದೆ ತರಗತಿಯಲ್ಲಿ ತೆಗೆದ ಆ ವಿಡಿಯೊದಲ್ಲಿ ಮಧುಮತಿ ಮೇಡಂ ಹಲಗೆಯ ಕಡೆಯಿಂದ ತಿರುಗಿ, "ಹಿಂದ ಕುಂತವರಿಗೆ ಕೇಳಸಾಕತ್ತದೇನ್ರಿ?" ಎಂದರು.

ಶರಣಬಸಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಕೇಳಸಾಕತ್ತದ ಬೇ. ನೀ ಹೇಳು," ಎಂದಳು.