ಮೂಲೆಯ ಕಲ್ಲು

ನಾನು ಹೆಡ್‌ಮಾಸ್ತರನಾಗಿದ್ದ ಶಹಾಬಾದಿನ ಶಾಲೆಯ ಕಂಪ್ಯೂಟರ್ ಮಾಸ್ತರರು ಗುಂಡಿ ಒತ್ತುವ ಮೊದಲು ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. ಒಮ್ಮೆ ವೈರಸ್ಸು ನಕಲಿ ಕಿಟಕಿ ತೋರಿಸಿ ಅಂಕಗಳನ್ನೆಲ್ಲ ಅಳಿಸಿದ ಮೇಲೆ, ತಾವು ಬರೆದ ಪ್ರೋಗ್ರಾಮಿನ ಕಿಟಕಿಯ ಮೂಲೆಗೆ ನಮ್ಮೂರಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪುಟ್ಟ ಐಕಾನ್ ಕೂರಿಸಿದ್ದರು. “ಕಲ್ಲ ಇದ್ರ ನಮ್ದು. ಇಲ್ಲಂದ್ರ ಕೈ ಹಚ್ಚಬ್ಯಾಡ್ರಿ,” ಎನ್ನುವರು.

ಫಲಿತಾಂಶದ ಮುನ್ನಾದಿನ ಅಂಕಗಳನ್ನು ತುಂಬಿ ಮುಗಿಸಿದಾಗ, ಉಳಿಸಲೇ ಎಂದು ಕೇಳುವ ಪೆಟ್ಟಿಗೆಯೊಂದು ಪರದೆಯ ಮೇಲೆ ತೆರೆಯಿತು. ಅದರ ಮೂಲೆಯಲ್ಲಿ ಕಲ್ಲಿರಲಿಲ್ಲ.

“ಏನ್ರಿ ಮಾಸ್ತರ, ಮುಹೂರ್ತ ನೋಡಲಿಕತ್ತೀರೇನು? ಒತ್ರಿ, ಕರೆಂಟ್ ಹೋದ್ರ ಎಲ್ಲಾ ಹೋಗ್ತದ!” ಎಂದೆ.

“ಇದು ನಮ್ದೋ, ವೈರಸ್ಸೋ ತಿಳೀವಲ್ದ್ರಿ ಸರ್.” ಅವರು ಬೆರಳನ್ನು ಮತ್ತೊಮ್ಮೆ ಅಂಗಿಗೆ ಒರೆಸಿಕೊಂಡರು.

ಕೊನೆಗೆ ಕಣ್ಣು ಮುಚ್ಚಿ ಒತ್ತಿದರು. ಅಂಕಗಳು ಉಳಿದವು, ಮರುಕ್ಷಣ ಕರೆಂಟು ಹೋಯಿತು. ಆ ಪೆಟ್ಟಿಗೆಯೂ ಅವರದೇ ಪ್ರೋಗ್ರಾಮಿನದು; ಕಿಟಕಿಗೆ ಕಲ್ಲಿಟ್ಟವರು ಅದಕ್ಕೆ ಇಡಲು ಮರೆತಿದ್ದರು. ಕರೆಂಟು ಬಂದೊಡನೆ ಅದಕ್ಕೂ ಕಲ್ಲು ಕೂರಿಸಿ, ಆಮೇಲೆಯೇ ನೀರು ಕುಡಿದರು.