ಗಾರ್ಡ್ ಬಸವಂತಪ್ಪ ಮತ್ತು ಬರಬೇಕಾಗಿದ್ದ ಫೋನು

ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳುವುದು ಬಸವಂತಪ್ಪನವರ ಅಭ್ಯಾಸ. ಬಜಾಜ್ ನಗರದ ಆ ಮನೆಯ ಗೇಟಿನ ಚಿಲಕ ಸದ್ದು ಮಾಡಿತೆಂದರೆ ಒಳಗೆ ಬೆತ್ತದ ಕುರ್ಚಿಯಲ್ಲಿ ಕೂತ ನರಹರಿರಾಯರು ತಲೆ ಎತ್ತಿ ಕಾಯುತ್ತಿದ್ದರು.

"ರಾಯರ, ಈ ಸಲ ಪಕ್ಕಾ. ಗಣಪತಿ ಹಬ್ಬಕ್ಕ ಬರ್ತೈತಂತ. ಅಜನಿ ಟೇಶನ್ ಮುಂದಿನ ಪಾನಪಟ್ಟಿಯವ ಹೇಳಿದ."

"ಹೋಳಿ ಹಬ್ಬಕ್ಕೆ ಬರುತ್ತೆ ಅಂದವನೂ ಅವನೇ ಅಲ್ವೇ?"

"ಅವ ಬ್ಯಾರೆ ರೀ. ಅವನ ಅಂಗಡಿ ಪ್ಲಾಟ್‌ಫಾರ್ಮ್ ಕಡೆ. ಇವಂದು ರಸ್ತೆ ಕಡೆ. ರಸ್ತೆ ಕಡೆ ಸುದ್ದಿ ಬರೋಬರ್ ಇರ್ತೈತಿ."

ಬರಬೇಕಾಗಿದ್ದದ್ದು ಒಂದು ಫೋನು. ನಾಗಪುರದಲ್ಲಿ ಆ ವರ್ಷ ಯಾರ ಕೈಯಲ್ಲಿ ನೋಡಿದರೂ ಅದೇ ಸ್ಮಾರ್ಟ್‌ಫೋನ್. ಅದರ ಬದಿಯಲ್ಲಿ ಒಂದು ದಪ್ಪ ಗುಂಡಿ ಇತ್ತು. ಅಚ್ಚಾದ ಪುಟದ ಮೇಲೆ ಫೋನು ಹಿಡಿದು ಆ ಗುಂಡಿ ಒತ್ತಿದರೆ ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಕನ್ನಡವನ್ನೂ. ಆದರೆ ಅದನ್ನು ಮಾರುತ್ತಿದ್ದ ಕಂಪನಿ ತನ್ನ ಸಿಮ್ ಬಿಟ್ಟು ಬೇರೆಯವರ ಸಿಮ್ ಹಾಕಲು ಬಿಡುತ್ತಿರಲಿಲ್ಲ. ಆ ಕಂಪನಿಯ ಸಿಗ್ನಲ್ಲೋ, ರಾಯರ ಮನೆಯವರೆಗೆ ಬರುತ್ತಿರಲಿಲ್ಲ. ಎದುರಿಗೆ ಎದ್ದ ಅಪಾರ್ಟ್‌ಮೆಂಟು ಅಡ್ಡವಾಗಿತ್ತು. ಮಗ ಶ್ರೀಕಾಂತ ಗೆಳೆಯನೊಬ್ಬನ ಫೋನು ತಂದು ಮನೆಯ ವೈಫೈಗೆ ಜೋಡಿಸಿ ನೋಡಿದ್ದ. ತನ್ನ ಕಂಪನಿಯ ಸಿಗ್ನಲ್ ಕಾಣದೆ ಅದು ಬಾಯಿ ಬಿಡಲಿಲ್ಲ. ಆ ಬೀದಿಯಲ್ಲಿ ಚೆನ್ನಾಗಿ ಸಿಗುತ್ತಿದ್ದದ್ದು ಎದುರಾಳಿ ಕಂಪನಿಯ ಸಿಗ್ನಲ್. ಇನ್ನು ಮುಂದೆ ಆ ಫೋನು ಎದುರಾಳಿಯ ಸಿಮ್ಮಿನಲ್ಲೂ ನಡೆಯುತ್ತದಂತೆ ಎಂಬುದೇ ಊರು ತುಂಬ ಓಡಾಡುತ್ತಿದ್ದ ವದಂತಿ.

ಗ್ಲಾಕೋಮಾ ರಾಯರ ಕಣ್ಣುಗಳನ್ನು ನಿಧಾನವಾಗಿ ತೆಗೆದುಕೊಂಡು ಹೋಗಿತ್ತು. ಬ್ಯಾಂಕಿನ ಕೆಲಸದಲ್ಲಿ ಮೈಸೂರಿನಿಂದ ಇಲ್ಲಿಗೆ ಬಂದು ಇಲ್ಲೇ ನಿಂತವರು ಅವರು. ಶ್ರೀಕಾಂತ ಕನ್ನಡ ಮಾತಾಡುತ್ತಿದ್ದ, ಆದರೆ ಓದಿದ್ದು ಮರಾಠಿ ಶಾಲೆಯಲ್ಲಿ. ಸೊಸೆ ಮೃಣಾಲಿನಿ ವರ್ಧೆಯ ಮರಾಠಿ ಹುಡುಗಿ, ಕನ್ನಡದ ಮಾತು ಕಲಿತದ್ದೇ ಈ ಮನೆಗೆ ಬಂದ ಮೇಲೆ. ಕಪಾಟಿನ ತುಂಬ ಇದ್ದ ಕನ್ನಡ ಪುಸ್ತಕಗಳನ್ನು ಬಿಡಿಸಿ ಓದಬಲ್ಲವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಕ್ಕಿಂತ ಇದನ್ನು ದೊಡ್ಡದು ಮಾಡಬಾರದು ಎಂದು ರಾಯರು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಆದರೂ ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪಕ್ಕದ ಕುರ್ಚಿಯವರಿಗೆ ಅದು ಹೇಗೋ ಗೊತ್ತಾಯಿತು. ಮರುದಿನ ಸಂಜೆ ಗೇಟಿನ ಚಿಲಕ ಸದ್ದಾಯಿತು. ಪಕ್ಕದ ಕುರ್ಚಿಯವರು ಸ್ಕೂಟರಿನಲ್ಲಿ ಅಜನಿಯಿಂದ ಬಂದಿದ್ದರು.

ಬಸವಂತಪ್ಪ ಗದಗ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು, ನಿದ್ದೆ ಬಾರದಿರಲಿ ಎಂದು ಕಾದಂಬರಿ, ವಾರಪತ್ರಿಕೆಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರಂತೆ. ಗಾಲಿಗಳ ಸದ್ದನ್ನು ಮೀರಿ ಓದಿದ ಗಂಟಲು ಅದು. ಜೊತೆಗೆ ಮಾತಿಗೆ ಜನವಿಲ್ಲದ್ದರಿಂದ ಪಾತ್ರಗಳೊಂದಿಗೇ ಜಗಳ ಕಾಯುವ ಚಟ.

"ಗಾಡಿ ಬಿಡ್ಲಿ, ರಾಯರ?" ಎಂದು ಕೇಳಿ, ರಾಯರು ತಲೆಯಾಡಿಸಿದ ಮೇಲೆ ಶುರು. ಮೈಸೂರಿನ ವಕೀಲನೊಬ್ಬನ ಮನೆಯ ಕಥೆ ಓದುತ್ತಿದ್ದರೆ ವಕೀಲನ ಹೆಂಡತಿ ಗದಗಿನವಳಾಗಿ ಮಾತಾಡುತ್ತಿದ್ದಳು. ಒಂದು ಪುಟ ಮುಗಿಯುವುದರೊಳಗೆ ಗಾಡಿ ನಿಲ್ಲುತ್ತಿತ್ತು.

"ಹೆಂಡ್ತಿ ಹಾಡಾಕ ಹೊಂಟ್ರ ಇವಂಗೇನು ಸಂಕಟ? ಇಂಥವ ನಮ್ಮ ಗಾಡಿಯಾಗ ಸಿಕ್ಕಿದ್ರ ಇಟಾರ್ಸಿಯೊಳಗ ಇಳಿಸಿ ಬಂದುಬಿಡ್ತಿದ್ದೆ."

"ನಿಮ್ಮ ಗಾಡೀಲಿ ಇದ್ದದ್ದು ಕಲ್ಲಿದ್ದಲು, ಗಾರ್ಡ್ ಸಾಹೇಬ್ರೇ. ಅದಕ್ಕೆ ಹೆಂಡತಿ ಇರಲ್ಲ. ಅವನ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡಿ."

"ವಕೀಲಂಗ ನೀವು ವಕೀಲರೇನು?"

ಹೀಗೆ ಒಂದು ಅಧ್ಯಾಯ ಮುಗಿಯಲು ವಾರ ಹಿಡಿಯುತ್ತಿತ್ತು. ರಾಯರಿಗೆ ಇಷ್ಟು ನಿಧಾನವಾಗಿ, ಇಷ್ಟು ಸುಖವಾಗಿ ಪುಸ್ತಕವೊಂದು ಹಿಂದೆಂದೂ ಸಿಕ್ಕಿರಲಿಲ್ಲ.

ಅದಕ್ಕೇ ಫೋನಿನ ಸುದ್ದಿ ಬಂದಾಗಲೆಲ್ಲ ಅವರ ಎದೆ ಅಳುಕುತ್ತಿತ್ತು. ಮನೆಯವರೆಲ್ಲ ಹಿಗ್ಗುತ್ತಿದ್ದರು, ಪಾಪ, ಕಾಕಾ ಈ ವಯಸ್ಸಿನಲ್ಲಿ ವಿದರ್ಭದ ಬಿಸಿಲಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬರುವುದು ತಪ್ಪುತ್ತದೆ ಎಂದು. ಅದು ನಿಜವೇ. ಆದರೆ ಫೋನು ಬರಲೆಂದು ಎಲ್ಲರಿಗಿಂತ ಹೆಚ್ಚು ಹಾತೊರೆಯುತ್ತಿದ್ದವರು ಬಸವಂತಪ್ಪನವರೇ. ಗಣಪತಿ ಹೋಯಿತು, ದಸರೆ ಎಂದರು. ದಸರೆ ಹೋಯಿತು, ದೀಪಾವಳಿ ಎಂದರು. ಇವರಿಗೆ ನನ್ನಿಂದ ಬಿಡುಗಡೆ ಬೇಕಾಗಿದೆ, ಬಾಯಿ ಬಿಟ್ಟು ಹೇಳಲಾರರು ಎಂದು ರಾಯರು ಒಳಗೊಳಗೇ ನೊಂದುಕೊಂಡರು.

ದೀಪಾವಳಿಯೂ ಖಾಲಿ ಹೋದ ಮೇಲೆ ಒಂದು ಸಂಜೆ ಅವರೇ ಮಾತು ತೆಗೆದರು.

"ಬೇಜಾರಾಗಿದ್ರೆ ಹೇಳ್ಬಿಡಿ, ಗಾರ್ಡ್ ಸಾಹೇಬ್ರೇ. ಫೋನ್ ಬರೋವರೆಗೂ ಕಾಯಬೇಡಿ. ನಾನೇನೂ ಅಂದ್ಕೊಳ್ಳಲ್ಲ."

ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. ಬಸವಂತಪ್ಪ ನಗುತ್ತಾರೆಂದು ರಾಯರು ಎಣಿಸಿದ್ದರು. ಅವರು ನಗಲಿಲ್ಲ.

"ಹುಚ್ಚರ ಆಗೀರಿ ನೀವು. ರಾಮದಾಸಪೇಠದ ಡಾಕ್ಟರ್ ಎದೀ ಮ್ಯಾಲೆ ಮಿಷನ್ ಇಟ್ಟು ನೋಡಿ, ಕಾಕಾ, ಇನ್ನ ಹುಷಾರಾಗಿರಬೇಕು ಅಂದ. ನಾನು ಬರೂದು ಬಿಡಂಗಿಲ್ರೀ. ಬರಾಕ ಆಗದಂಥ ದಿನಾ ಒಂದು ಬರ್ತೈತಲ್ಲ, ಅವತ್ತು ನಿಮಗ ಓದೋರು ಯಾರು? ಅದಕ್ಕ ಆ ಫೋನು ಬೇಕಾಗಿತ್ತು."

ರಾಯರು ಕೈ ಚಾಚಿದರು. ಆ ದೊಡ್ಡ ಕೈ ತಾನಾಗಿಯೇ ಬಂದು ಸಿಕ್ಕಿತು. ಆಮೇಲೆ ಬಸವಂತಪ್ಪ ಎದ್ದು ಅಡುಗೆಮನೆಯ ಕಡೆ ಕೂಗಿದರು.

"ಏ ಮೃಣಾಲಿನಿ, ಕಂಪನಿಯವರ ಭರೋಸಾ ಮ್ಯಾಲೆ ಕೂತ್ರ ಆಗಂಗಿಲ್ಲ. ನಿನ್ನ ಕಟ್ಟೆ ಖಾಲಿ ಐತೇನು?"

ಅಂದಿನಿಂದ ಓದಿಗೆ ಮೊದಲು ಪಾಠ. ಗಾರ್ಡ್‌ಗಿರಿಯ ಕಾಲದಿಂದ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಳ್ಳುವ ಮನುಷ್ಯ. ಅಡುಗೆಮನೆಯ ಕಪ್ಪು ಕಡಪಾ ಕಲ್ಲಿನ ಕಟ್ಟೆಯ ಮೇಲೆ, ವ್ಯಾಗನ್ನಿನ ಮೇಲೆ ಗುರುತು ಹಾಕುವಷ್ಟು ದೊಡ್ಡದಾಗಿ ಕನ್ನಡ ಅಕ್ಷರ ಬರೆಯುತ್ತಿದ್ದರು. ಪೋಳಿ ಲಟ್ಟಿಸುವ ಹೊತ್ತಿಗೆ ಮೃಣಾಲಿನಿ ಅದನ್ನು ಒರೆಸಬೇಕು. ಒರೆಸುವ ಮೊದಲು ಓದಿ ತೋರಿಸಬೇಕು.

"ಕಾಕಾ, ಈ ಅಕ್ಷರ ಎಲ್ಲಾ ಜಿಲೇಬಿ ಹಂಗೇ ಇದೆ."

"ತಿನ್ನು ಮತ್ತ. ಜಲ್ದಿ ಮುಗೀತದ."

ಹೊರಗೆ ಕೂತ ರಾಯರಿಗೆ ಆ ನಗು ಕೇಳಿಸುತ್ತಿತ್ತು. ಈಗ ಅವರಿಗೂ ಫೋನಿನ ಸುದ್ದಿ ತಮಾಷೆಯ ವಿಷಯವಾಯಿತು. ಸಂಕ್ರಾಂತಿಗೆ ಬರುತ್ತದಂತೆ ಎಂದು ಒಮ್ಮೆ ಅವರೇ ಒಂದು ಸುದ್ದಿ ಹುಟ್ಟಿಸಿ ಬಿಟ್ಟರು. ನಾಲ್ಕು ದಿನಕ್ಕೆ ಅದು ಪಾನಪಟ್ಟಿಯಿಂದ ಬಸವಂತಪ್ಪನವರ ಬಾಯಲ್ಲಿ ವಾಪಸು ಬಂತು. ಅವತ್ತು ಇಬ್ಬರೂ ಓದಲೇ ಇಲ್ಲ, ನಕ್ಕಿದ್ದೇ ಆಯಿತು.

ಸಂಕ್ರಾಂತಿಯ ಎಳ್ಳು ಬೆಲ್ಲ ಕೊಟ್ಟು ಹೋದ ವಾರದಲ್ಲೇ, ಬೆಳಗಿನ ಚಹಾದ ಹೊತ್ತಿಗೆ ಬಸವಂತಪ್ಪನವರ ಹೆಂಡತಿ ಮಹಾದೇವಮ್ಮನ ಫೋನು ಬಂತು. ಗಾರ್ಡ್ ಸಾಹೇಬರು ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು.

ಶ್ರೀಕಾಂತನ ತೋಳು ಹಿಡಿದು ರಾಯರು ಅಜನಿಯ ಮನೆಗೆ ಹೋದರು. ತಮ್ಮ ಕೃತಜ್ಞತೆಯನ್ನು ಆ ತಾಯಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಆದರೆ ಮೊದಲು ಮಾತಾಡಿದವರು ಮಹಾದೇವಮ್ಮ.

"ಅಣ್ಣಾರ, ಡಬ್ಬಿಯೊಳಗ ಒಬ್ಬರ ಓದಿಕೋತ ಆಯುಷ್ಯ ಕಳದವರು ಅವರು. ಕೇಳೋರು ಒಬ್ಬರು ಸಿಕ್ರು ಅಂತ ಅವತ್ತು ಮನಿಗೆ ಬಂದು ಎರಡು ರೊಟ್ಟಿ ಹೆಚ್ಚಿಗಿ ಉಂಡ್ರು. ನಿಮ್ಮ ಉಪಕಾರ ದೊಡ್ಡದು."

ಜೋಡಿಸಿಕೊಂಡ ಮಾತನ್ನು ರಾಯರು ಬಿಟ್ಟುಬಿಟ್ಟರು. ಉಪಕಾರ ಯಾರು ಯಾರಿಗೆ ಮಾಡಿದರು ಎಂದು ತೂಗಲು ಹೋಗಬಾರದೆಂದು ಮಾತ್ರ ಅವರಿಗೆ ಅನಿಸಿತು. ಕೈ ಮುಗಿದು ಕೂತರು.

ಎಷ್ಟೋ ಸಂಜೆಗಳು ಚಿಲಕದ ಸದ್ದಿಲ್ಲದೆ ಹೋದವು. ವಕೀಲನ ಕಥೆ ಅರ್ಧಕ್ಕೇ ನಿಂತಿತ್ತು. ಒಂದು ದಿನ ಮೃಣಾಲಿನಿ ಕೈ ಒರೆಸಿಕೊಂಡು ಬಂದು ಎದುರಿನ ಕುರ್ಚಿ ಎಳೆದುಕೊಂಡಳು.

"ಬಾಬಾ, ಗಾಡಿ ಬಿಡ್ಲಿ?"

ರಾಯರು ತಲೆಯಾಡಿಸಿದರು. ಅವಳು ತಡವರಿಸುತ್ತ, ಒಂದೊಂದು ಶಬ್ದಕ್ಕೂ ಎಡವುತ್ತ ಓದತೊಡಗಿದಳು. ವಕೀಲನ ಹೆಂಡತಿ ಮತ್ತೆ ಗದಗಿನ ರಾಗದಲ್ಲೇ ಮಾತಾಡಿದಳು. ಮೃಣಾಲಿನಿ ಕಲಿತ ಕನ್ನಡ ಓದು ಅದೊಂದೇ. ಅರ್ಧ ಪುಟಕ್ಕೆ ಅವಳು ನಿಂತಳು. ದಣಿವಾಯಿತೇನೋ ಎಂದು ರಾಯರು ಕಾದರು. ಅವಳು ಪುಸ್ತಕದ ಮೇಲೆ ಬೆರಳು ಕುಟ್ಟಿದಳು.

"ಬಾಬಾ, ಈ ವಕೀಲ ಮಹಾ ನಾಲಾಯಕ್. ಹೆಂಡತಿ ಇವನನ್ನು ಬಿಟ್ಟು ಹೋಗಬೇಕಿತ್ತು ಕೀ ನಾಹೀ?"

ಕನ್ನಡ ಓದುವುದೆಂದರೆ ನಡುನಡುವೆ ನಿಂತು ಜಗಳ ಮಾಡುವುದೂ ಸೇರಿಯೇ ಎಂದು ಅವಳು ತಿಳಿದಿದ್ದಳು. ಹಾಗೆ ಕಲಿಸಿದವರಿಗೆ ರಾಯರು ಮನಸ್ಸಿನಲ್ಲೇ ಕೈ ಮುಗಿದರು.

ಅಷ್ಟರಲ್ಲಿ ಶ್ರೀಕಾಂತ ಬಾಗಿಲಲ್ಲಿ ಹೆಲ್ಮೆಟ್ ತೆಗೆಯುತ್ತ ಹೇಳಿದ, "ಅಪ್ಪಾ, ಗುಡಿಪಾಡವಾ ಹಬ್ಬಕ್ಕೆ ಆ ಫೋನು ನಮ್ಮ ಸಿಮ್ಮಿಗೂ ಬರೋದು ಖಾತ್ರಿಯಂತೆ."

"ಬರಲಿ, ಬರಲಿ," ಎಂದರು ರಾಯರು, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ಸ್ವಲ್ಪ ತಾಳಪ್ಪ. ನೋಡಮ್ಮ ಮೃಣಾಲಿನಿ, ಅವನ ಕಡೆಯಿಂದಲೂ ಸ್ವಲ್ಪ ಯೋಚನೆ ಮಾಡು."

"ವಕೀಲಂಗ ನೀವು ವಕೀಲರೇನು?" ಎಂದಳು ಅವಳು.